ಕೈದೋಟವೂ ಕೈಗುಣವೂ

ಒಬ್ಬರು ನೆಟ್ಟ ಗಿಡವು ಚಿಗುರಿ ಹೂಬಿಟ್ಟು, ಪಕ್ಕದ ಮನೆಯವರು ನೆಟ್ಟ ಅದೇ ಜಾತಿಯ ಗಿಡವು ಒಣಗಿಹೋದರೆ, ಮೊದಲನೆಯವರಿಗೆ ಕೈಗುಣವುಂಟು, ಎರಡನೆಯವರಿಗೆ ಇಲ್ಲ ಎಂದು ಹೇಳಿ ಮಾತನ್ನು ಮುಗಿಸುವುದು ನಮ್ಮಲ್ಲಿ ವಾಡಿಕೆ. ವೈದ್ಯರಿಗೂ ಅಡಿಗೆಯವರಿಗೂ ಸಲ್ಲುವ ಈ ಮಾತು ತೋಟ ಮಾಡುವವರಿಗೂ ಸಂದಿರುವುದು ಸಹಜವೇ. ಆದರೆ ಇದರಿಂದ ಎರಡು ಬಗೆಯ ನಷ್ಟವುಂಟಾಗುತ್ತದೆ. ಕೈಗುಣವುಳ್ಳವರೆನಿಸಿಕೊಂಡವರು ತಾವು ಮಾಡುವುದೇನೆಂಬುದನ್ನು ಬಿಡಿಸಿ ಹೇಳುವ ಗೋಜಿಗೆ ಹೋಗುವುದಿಲ್ಲ. ಕೈಗುಣವಿಲ್ಲವೆನಿಸಿಕೊಂಡವರು ಒಂದೆರಡು ಗಿಡಗಳು ಸತ್ತೊಡನೆ, ತಮ್ಮ ಹಣೆಯಲ್ಲಿ ಅದು ಬರೆದಿಲ್ಲವೆಂದು ಕುಂಡಗಳನ್ನು ಮೂಲೆಗೆ ಸೇರಿಸಿಬಿಡುತ್ತಾರೆ. ಮನೆಯ ಮುಂದೆಯೋ ಹಿತ್ತಲಿನಲ್ಲಿಯೋ ಮಹಡಿಯ ಮೇಲೆಯೋ ನಾಲ್ಕು ಗಿಡಗಳನ್ನು ಬೆಳೆಸುವವರು ತಮ್ಮ ತಮ್ಮಲ್ಲಿ ಹೇಳಿಕೊಳ್ಳತಕ್ಕ ಬುದ್ಧಿಮಾತು ಯಾವುದು, ಕೊಟ್ಟುಕೊಳ್ಳತಕ್ಕ ಧೈರ್ಯ ಯಾವುದು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ಮೊದಲು ಕೈಗುಣವೆಂಬುದನ್ನೇ ಬಿಡಿಸಿ ನೋಡಬೇಕು. ಮಲ್ಲಿಗೆಯ ಕಡ್ಡಿಯನ್ನು ನೆಡುವ ಅನುಭವಸ್ಥರಾದ ಗೃಹಿಣಿಯೊಬ್ಬರನ್ನು ಗಮನಿಸಿ. ಅವರು ಕೈಗೆ ಸಿಕ್ಕಿದ ರೆಂಬೆಯನ್ನು ಮುರಿಯುವುದಿಲ್ಲ. ತೀರ ಎಳೆಯದಾದುದನ್ನೂ ಬಲಿತು ಕಟ್ಟಿಗೆಯಾದುದನ್ನೂ ಬಿಟ್ಟು, ಸೀಸದ ಕಡ್ಡಿಯಷ್ಟು ದಪ್ಪವಾದ ನಡುವಯಸ್ಸಿನ ಟೊಂಗೆಯನ್ನು ಆರಿಸಿ, ಗೇಣುದ್ದದ ತುಂಡು ಮಾಡಿ, ಗೆಣ್ಣಿನ ಕೆಳಗೆ ಕತ್ತರಿಸುತ್ತಾರೆ. ಬೇರು ಹೊರಡುವುದು ಹೆಚ್ಚಾಗಿ ಗೆಣ್ಣಿನ ಬಳಿಯಿಂದಲೇ. ಕೆಳಗಿನ ಎಲೆಗಳನ್ನು ಚಿವುಟಿಹಾಕುತ್ತಾರೆ. ಬೇರಿಲ್ಲದ ಕಡ್ಡಿಗೆ ಎಲೆ ಹೆಚ್ಚಾದಷ್ಟೂ ನೀರಿನ ವೆಚ್ಚ ಹೆಚ್ಚು. ಮರಳು ಬೆರೆಸಿದ ಮಣ್ಣಿನಲ್ಲಿ ಊರಿ, ಬುಡದ ಸುತ್ತ ಬೆರಳಿನಿಂದ ಒತ್ತಿ, ನೆರಳಿನಲ್ಲಿಡುತ್ತಾರೆ. ಇದನ್ನೆಲ್ಲ ಮಾಡುವುದು ಆರಿದ್ರೆಯ ಮಳೆ ಹಿಡಿದು ಗಾಳಿಯಲ್ಲಿ ತೇವ ತುಂಬಿರುವ ಕಾಲದಲ್ಲಿ. ಬೇಸಗೆಯ ಬಿಸಿಲಿನಲ್ಲಿ ಅಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬೇರು ಬಂದಿದೆಯೇ ಎಂದು ದಿನಕ್ಕೊಮ್ಮೆ ಕಡ್ಡಿಯನ್ನು ಕಿತ್ತು ನೋಡುವುದಿಲ್ಲ. ಇಷ್ಟು ಕೆಲಸವನ್ನೂ ಅವರು ಮಾತಿಲ್ಲದೆ ಮಾಡಿ ಮುಗಿಸುತ್ತಾರೆ, ನೋಡಿದವರು ಕೈಗುಣವೆನ್ನುತ್ತಾರೆ. ವಸ್ತುತಃ ಅಲ್ಲಿರುವುದು ಆರೇಳು ನಿಯಮಗಳು. ಒಂದೊಂದಕ್ಕೂ ಕಾರಣವುಂಟು, ಒಂದೊಂದನ್ನೂ ಇನ್ನೊಬ್ಬರಿಗೆ ಹೇಳಿಕೊಡಬಹುದು. ಹೇಳಿಕೊಟ್ಟರೆ ಅದೇ ಕೈಗುಣ ಇನ್ನೊಂದು ಕೈಗೂ ಬರುತ್ತದೆ.

ಈ ತಿಳಿವನ್ನು ಮಾತಿಗಿಳಿಸುವ ಪ್ರಯತ್ನ ಕನ್ನಡಕ್ಕೆ ಹೊಸದಲ್ಲ. ಚಾಳುಕ್ಯ ಜಯಸಿಂಹನ ಕಾಲದಲ್ಲಿದ್ದ ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಅಡಿಗೆ, ಸುಗಂಧದ್ರವ್ಯ, ವೈದ್ಯ ಮುಂತಾದ ವಿಷಯಗಳೊಡನೆ ವೃಕ್ಷಾಯುರ್ವೇದಕ್ಕೂ ಸ್ಥಾನವುಂಟು. ಅದರಲ್ಲಿ ಹೇಳಿರುವುದೆಲ್ಲವೂ ಇಂದಿನ ಪರೀಕ್ಷೆಗೆ ನಿಲ್ಲುವುದೆಂದು ನಾವು ಹೇಳುವುದಿಲ್ಲ. ಆದರೆ ಗಿಡಮರಗಳನ್ನು ಕಾಪಾಡುವ ತಿಳಿವು ಅಡಿಗೆಯ ತಿಳಿವಿನಂತೆಯೇ ಗೃಹಸ್ಥರೆಲ್ಲರಿಗೂ ಬೇಕಾದದ್ದು, ಅದನ್ನು ದೇಶಭಾಷೆಯಲ್ಲಿಯೇ ಬಿಚ್ಚಿ ಹೇಳತಕ್ಕದ್ದು ಎಂಬ ಅಭಿಪ್ರಾಯವು ಸಾವಿರ ವರ್ಷಗಳ ಹಿಂದೆಯೇ ನಮ್ಮವರಿಗಿತ್ತೆಂಬುದು ಗಮನಾರ್ಹವಾದುದು.

ಈಚಿನ ಕಾಲಕ್ಕೆ ಬಂದರೆ, ಹೈದರಾಲಿಯು 1760ರಲ್ಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗು 1856ರಲ್ಲಿ ಸರ್ಕಾರದ ಸಸ್ಯೋದ್ಯಾನವಾಯಿತು. ಜರ್ಮನಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಕ್ಯೂ ತೋಟದಲ್ಲಿ ಕೆಲಸಮಾಡಿ, ಬರೋಡೆಯ ಮೂಲಕ 1908ರಲ್ಲಿ ಇಲ್ಲಿಗೆ ಬಂದ ಕ್ರುಂಬಿಗೆಲ್ಲರು ಈ ಊರಿನ ಬೀದಿಗಳಿಗೆ ಒಂದಾದ ಮೇಲೊಂದರಂತೆ ಹೂಬಿಡುವ ಮರಗಳನ್ನು ಕೊಟ್ಟುದನ್ನು ಎಲ್ಲರೂ ಬಲ್ಲರು. ಅವರ ಕಾಲದಲ್ಲಿಯೇ, 1912ರಲ್ಲಿ, ಮೈಸೂರು ಉದ್ಯಾನ ಕಲಾ ಸಂಘವು ಹುಟ್ಟಿತು. ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಗಳು ಈಗ ಲಕ್ಷಾಂತರ ಜನರನ್ನು ಸೆಳೆಯುತ್ತವೆ. ಅಲ್ಲಿಗೆ ಹೋಗುವವರು ಬಹುಮಂದಿ ಹೂವನ್ನು ನೋಡಿ, ಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ. ಆ ಹೂವನ್ನು ಬೆಳೆಸಿದವರನ್ನು ಹುಡುಕಿ, ಮಣ್ಣಿಗೆ ಏನನ್ನು ಬೆರೆಸಿದಿರಿ, ಎಷ್ಟು ದಿನಕ್ಕೊಮ್ಮೆ ನೀರು ಕೊಟ್ಟಿರಿ ಎಂದು ಕೇಳುವವರು ವಿರಳ. ಪ್ರದರ್ಶನದ ಸಾರವಿರುವುದು ಈ ಪ್ರಶ್ನೆಗಳಲ್ಲಿ.

ಬಾನುಲಿಯ ಶ್ರೋತೃಗಳಿಗೆ ಒಂದು ಉದಾಹರಣೆಯನ್ನು ಹೇಳಬಹುದು. 1947ರ ಏಪ್ರಿಲ್ 9ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸಮೀಪದ ಆಷ್ಟನ್-ಅಂಡರ್-ಲೈನ್ ಎಂಬ ಊರಿನ ಹೋಟೆಲೊಂದರಲ್ಲಿ ಆ ಸುತ್ತಿನ ಮನೆತೋಟದವರನ್ನು ಕೂಡಿಸಿ, ಅವರು ಕೇಳಿದ ಪ್ರಶ್ನೆಗಳಿಗೆ ಬಲ್ಲವರು ಅಲ್ಲಿಯೇ ಉತ್ತರ ಹೇಳುವ ಕಾರ್ಯಕ್ರಮವೊಂದನ್ನು ಬಿ. ಬಿ. ಸಿ. ಪ್ರಸಾರಮಾಡಿತು. ಬೇರೆ ಹೆಸರಿನಿಂದ ಅದು ಇಂದಿಗೂ ನಡೆದುಬರುತ್ತಿದೆ. ಇಷ್ಟು ದೀರ್ಘಕಾಲ ಅದು ಉಳಿದುದಕ್ಕೆ ಕಾರಣವೇನು? ಒಬ್ಬರ ತೋಟದ ಕಷ್ಟವನ್ನು ಕೇಳುತ್ತಿದ್ದಾಗ, ಇದು ನಮ್ಮೊಬ್ಬರದೇ ಕಷ್ಟವಲ್ಲವೆಂದು ಸಾವಿರಾರು ಮಂದಿಗೆ ತಿಳಿಯಿತು ಎಂಬುದೇ ಮುಖ್ಯ ಕಾರಣವೆಂದು ನಾವು ಭಾವಿಸುತ್ತೇವೆ.

ಆದರೆ ಬುದ್ಧಿಮಾತು ಹೇಳುವುದಕ್ಕೂ ಒಂದು ಕ್ರಮವುಂಟು. ನಮ್ಮ ಬೀದಿಗಳಲ್ಲಿ ಬೆಳಗಿನ ಹೊತ್ತು ಕೇಳಿಬರುವ ಸಂಭಾಷಣೆ ಸಾಮಾನ್ಯವಾಗಿ ಈ ರೀತಿಯದು. “ನಮ್ಮ ಗುಲಾಬಿಯ ಎಲೆ ಹಳದಿಯಾಗಿಬಿಟ್ಟಿದೆಯಲ್ಲ, ಏನು ಮಾಡೋಣ ರಾಯರೆ?” ಎಂದು ಒಬ್ಬರು ಕೇಳುತ್ತಾರೆ. “ಗೊಬ್ಬರ ಸಾಲದು ಸ್ವಾಮಿ, ಎರಡು ಹಿಡಿ ಹಿಂಡಿ ಹಾಕಿ” ಎಂದು ಇನ್ನೊಬ್ಬರು ಒಡನೆಯೇ ಉತ್ತರ ಕೊಡುತ್ತಾರೆ. ಇಬ್ಬರೂ ಸಜ್ಜನರೇ. ಆದರೂ ಆ ಹಿಂಡಿಯಿಂದ ಗಿಡ ಉಳಿಯುವುದೋ ಅಳಿಯುವುದೋ ಹೇಳುವಂತಿಲ್ಲ. ಉತ್ತರಕ್ಕೆ ಮೊದಲು ಮರುಪ್ರಶ್ನೆಯೊಂದನ್ನು ಹಾಕಬೇಕಾಗಿತ್ತು: ಹಳದಿಯಾದುದು ಯಾವ ಎಲೆ, ಬುಡದ ಹಳೆಯ ಎಲೆಯೋ, ತುದಿಯ ಚಿಗುರೆಲೆಯೋ? ಸಾರಜನಕವು ಗಿಡದೊಳಗೆ ಒಂದು ಕಡೆಯಿಂದ ಮತ್ತೊಂದು ಕಡೆಗೆ ಸಾಗಬಲ್ಲ ದ್ರವ್ಯ. ಮಣ್ಣಿನಲ್ಲಿ ಅದರ ಕೊರತೆಯಾದಾಗ ಗಿಡವು ಹಳೆಯ ಎಲೆಯಿಂದ ಅದನ್ನು ತೆಗೆದು ಚಿಗುರಿಗೆ ಸಾಗಿಸುತ್ತದೆ. ಆದಕಾರಣ ಮೊದಲು ಹಳದಿಯಾಗುವುದು ಬುಡದ ಎಲೆ. ಕಬ್ಬಿಣದ ಅಂಶವಾದರೋ ಹಾಗೆ ಸುಲಭವಾಗಿ ಸಾಗತಕ್ಕದ್ದಲ್ಲ. ಅದರ ಕೊರತೆಯಲ್ಲಿ ಹಳೆಯ ಎಲೆ ಹಸುರಾಗಿಯೇ ಇದ್ದು, ಚಿಗುರೆಲೆಯು ನರಗಳಷ್ಟೇ ಹಸುರಾಗಿ ಉಳಿದು ಬಿಳಿಚಿಕೊಳ್ಳುತ್ತದೆ. ಗಿಡವೆಲ್ಲವೂ ಒಟ್ಟಿಗೆ ಸೊರಗಿ ಮಣ್ಣು ಸದಾ ಒದ್ದೆಯಾಗಿದ್ದರೆ ದೋಷವಿರುವುದು ಗೊಬ್ಬರದಲ್ಲಿ ಅಲ್ಲ, ನೀರಿನಲ್ಲಿ. ಒಂದೇ ಬಣ್ಣ, ಮೂರು ಕಾರಣ, ಮೂರು ಚಿಕಿತ್ಸೆ.

ಇಲ್ಲಿ ನೀರಿನ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಕುಂಡದ ಗಿಡಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಹೆಚ್ಚು. ಬೇರಿಗೂ ಉಸಿರು ಬೇಕು. ಮಣ್ಣಿನ ಸಂದುಗಳಲ್ಲಿರುವ ಗಾಳಿಯನ್ನು ನೀರು ಹೊರಗೆ ತಳ್ಳಿಬಿಟ್ಟರೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು, ಎಲೆ ಬಾಡುತ್ತದೆ, ಬಾಡಿದುದನ್ನು ಕಂಡ ಯಜಮಾನರು ಮರುಕದಿಂದ ಇನ್ನೊಂದು ಚೊಂಬು ನೀರು ಹೊಯ್ಯುತ್ತಾರೆ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿನೊಳಗಿಳಿಸಿ, ಒಣಗಿದ್ದರೆ ಮಾತ್ರ ನೀರು ಕೊಡುವುದೆಂಬ ಒಂದು ಪದ್ಧತಿಯನ್ನು ನೆರೆಯವರಿಗೆ ಕಲಿಸಿದರೆ, ಹತ್ತು ಬಗೆಯ ಗೊಬ್ಬರದ ಹೆಸರು ಹೇಳಿದುದಕ್ಕಿಂತ ಹೆಚ್ಚಿನ ಉಪಕಾರವಾಗುತ್ತದೆ.

ಎರಡನೆಯದಾಗಿ, ಹೇಳುವ ಮಾತಿಗೆ ಊರು ಇರಬೇಕು. ಮಂಗಳೂರಿನಲ್ಲಿ ಬೀಳುವ ಮಳೆ ಬೆಂಗಳೂರಿನ ಮಳೆಯ ಮೂರು ಪಟ್ಟಿಗಿಂತಲೂ ಹೆಚ್ಚು. ಅಲ್ಲಿ ಬುಡದಲ್ಲಿ ನೀರು ನಿಲ್ಲದಂತೆ ಮಣ್ಣನ್ನು ಏರಿಸಿ ನೆಡುವುದು ಜಾಣತನ. ನಮ್ಮ ಬಯಲುಸೀಮೆಯಲ್ಲಿ ಬುಡವನ್ನು ತಗ್ಗಿಸಿ ಪಾತಿಕಟ್ಟಿ ಬಿದ್ದ ನೀರನ್ನು ಹಿಡಿದುಕೊಳ್ಳುವುದು ಜಾಣತನ. ಎರಡೂ ಸರಿ; ಊರು ಬೇರೆ. ನಮ್ಮಂತೆ ಇಂಗ್ಲಿಷ್ ಪುಸ್ತಕಗಳನ್ನು ಓದಿದವರಿಗೆ ಈ ಎಚ್ಚರ ಇನ್ನೂ ಹೆಚ್ಚಾಗಿ ಬೇಕು. ದಕ್ಷಿಣಕ್ಕೆ ಮುಖಮಾಡಿದ ಗೋಡೆಯ ಬಳಿ ಸುಕುಮಾರವಾದ ಗಿಡಗಳನ್ನು ನೆಡಿರೆಂದು ಅಲ್ಲಿನ ಗ್ರಂಥಗಳು ಹೇಳುವುದು, ಸೂರ್ಯನು ಸದಾ ದಕ್ಷಿಣದಲ್ಲಿಯೇ ಬಾಗಿ ನಡೆಯುವ ಆ ಶೀತದೇಶದಲ್ಲಿ ಅಂತಹ ಗೋಡೆಯು ಬೆಚ್ಚಗಿರುವುದೆಂಬ ಕಾರಣದಿಂದ. ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಬೇಸಗೆಯ ಸೂರ್ಯನು ನೆತ್ತಿಯ ಮೇಲೆಯೇ ಸಾಗುತ್ತಾನೆ. ಇಲ್ಲಿ ನಾವು ಅಂಜಬೇಕಾದುದು ಮಧ್ಯಾಹ್ನದ ಮೇಲೆ ಕಾಯುವ ಪಡುವಣ ಗೋಡೆಗೆ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯಂತೆ, ಸಮುದ್ರದಾಚೆಯ ಪಂಡಿತರ ಮಾತಿಗೆ ಕೊಡುವ ಗೌರವವನ್ನು ಬೇಲಿಯಾಚೆಯ ನೆರೆಯವರ ಮಾತಿಗೆ ಕೊಡದಿರುವುದು ವಿದ್ಯಾವಂತರ ದೋಷ. ನೆರೆಯವರ ಮಣ್ಣೇ ನಮ್ಮ ಮಣ್ಣು. ಅವರ ಮಳೆಯೇ ನಮ್ಮ ಮಳೆ.

ಇನ್ನು ಧೈರ್ಯ ಹೇಳುವ ವಿಷಯ. ‘ಚಿಂತೆಯಿಲ್ಲ, ಎಲ್ಲ ಸರಿಹೋಗುತ್ತದೆ’ ಎನ್ನುವುದು ಒಳ್ಳೆಯ ಮಾತೇ. ಆದರೆ ಅದರಿಂದ ಗಿಡಕ್ಕಾಗಲಿ ಗಿಡದವರಿಗಾಗಲಿ ಹೆಚ್ಚಿನ ಬಲ ಬರುವುದಿಲ್ಲ. ತೋಟದಲ್ಲಿ ಧೈರ್ಯ ಹೇಳುವುದೆಂದರೆ ಕಾಲವನ್ನು ಹೇಳುವುದು. ಮೊದಲ ಬಾರಿ ಕುಂಬಳದ ಬಳ್ಳಿ ಹಬ್ಬಿಸಿದವರು, ಹೂವೆಲ್ಲ ಕಾಯಾಗದೆ ಉದುರುತ್ತಿದೆಯೆಂದು ಬೇಸರಪಟ್ಟು ಬಳ್ಳಿಯನ್ನೇ ಕಿತ್ತುಹಾಕುವುದುಂಟು. ಅದು ಮೊದಲು ಬಿಡುವುದು ಗಂಡು ಹೂವು, ಅದು ಉದುರತಕ್ಕದ್ದೇ. ಕೆಲವು ದಿನಗಳ ಮೇಲೆ ಬುಡದಲ್ಲಿ ಪುಟ್ಟ ಕಾಯಿಯನ್ನು ಹೊತ್ತ ಹೆಣ್ಣು ಹೂವು ಕಾಣಿಸಿಕೊಳ್ಳುತ್ತದೆ. ಜೇನುಹುಳು ಸುಳಿಯದ ಮಹಡಿಯ ಮೇಲಾದರೆ, ಬೆಳಗ್ಗೆ ಹೂವರಳಿದ ಕೂಡಲೇ ಗಂಡು ಹೂವನ್ನು ಕಿತ್ತು ಅದರ ಪರಾಗವನ್ನು ಹೆಣ್ಣು ಹೂವಿನ ನಡುವೆ ನಾವೇ ಸವರಬಹುದು. ಪರಂಗಿಯ ಗಿಡ ಉದ್ದನೆಯ ಗೊಂಚಲುಗಳಲ್ಲಿ ಜೋಲುವ ಹೂಗಳನ್ನೇ ಬಿಟ್ಟು ಕಾಯಿ ಕಟ್ಟದಿದ್ದರೆ ಅದು ಗಂಡು ಗಿಡ. ಸಾಕಿದವರ ತಪ್ಪೇನೂ ಇಲ್ಲ. ಆದುದರಿಂದಲೇ ಬಲ್ಲವರು ಒಂದು ಗುಂಡಿಗೆ ಎರಡು ಮೂರು ಸಸಿಗಳನ್ನು ನೆಟ್ಟು, ಹೂ ಬಂದ ಮೇಲೆ ಒಂದನ್ನು ಉಳಿಸಿಕೊಳ್ಳುತ್ತಾರೆ. ಕರಿಬೇವಿನ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತಿದರೆ ಮೊಳೆಯುವುದಿಲ್ಲ. ಹಣ್ಣಿನ ತಿರುಳನ್ನು ತೊಳೆದು ಹಸಿಯಾಗಿಯೇ ಬಿತ್ತಬೇಕು. ಮೊಳೆತ ಮೇಲೆಯೂ ಮೊದಲ ವರ್ಷ ಅದು ಬೆಳೆಯುವುದು ಬಲು ನಿಧಾನ. ಇಷ್ಟನ್ನು ಮುಂಚಿತವಾಗಿ ತಿಳಿದವರು ಕಾಯುತ್ತಾರೆ, ತಿಳಿಯದವರು ಕೈಬಿಡುತ್ತಾರೆ.

ಈ ಅಜ್ಞಾನದ ಭಾರವು ಕೆಲವು ವೇಳೆ ಗಿಡದ ಮೇಲಲ್ಲ, ಮನುಷ್ಯರ ಮೇಲೆ ಬೀಳುತ್ತದೆ. ವೃಂದಾವನದ ತುಳಸಿ ಒಣಗಿದರೆ ಮನೆಗೆ ಕೇಡೆಂದು ಹೆದರುವವರುಂಟು. ಮನೆಗೆ ಹೊಸದಾಗಿ ಬಂದ ಸೊಸೆಯ ಕೈಗುಣ ಚೆನ್ನಾಗಿಲ್ಲವೆಂದು ಪಿಸುಗುಟ್ಟುವವರೂ ಉಂಟು. ಆ ಹುಡುಗಿ ನಿತ್ಯವೂ ತಪ್ಪದೆ ನೀರೆರೆದು, ಪ್ರದಕ್ಷಿಣೆ ಮಾಡಿ, ಒಣಗುತ್ತಿರುವ ಗಿಡವನ್ನು ನೋಡುತ್ತ ಮನಸ್ಸಿನಲ್ಲಿಯೇ ಕೊರಗುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಂಗತಿಯಾದರೋ ಬಹಳ ಸರಳವಾದುದು. ತುಳಸಿಯು ಸ್ವಭಾವತಃ ಅಲ್ಪಾಯುಷ್ಯದ ಗಿಡ. ತೆನೆಬಿಟ್ಟು ಬೀಜ ಬಲಿತ ಮೇಲೆ ಅದರ ಶಕ್ತಿ ಕುಂದುತ್ತದೆ, ಕಾಂಡವು ಕಟ್ಟಿಗೆಯಾಗುತ್ತದೆ. ಅದು ಬೆಚ್ಚನೆಯ ಹವೆಯ ಗಿಡವಾದುದರಿಂದ, ಕಾರ್ತೀಕದ ಪೂಜೆ ಮುಗಿದು ಮಾಗಿಯ ಚಳಿ ಬಂದಾಗ ನಮ್ಮ ಪ್ರಸ್ಥಭೂಮಿಯಲ್ಲಿ ಎಲೆಯುದುರಿಸಿ ಬಡವಾಗುವುದು ಸಾಮಾನ್ಯ. ಆ ಕಾಲದಲ್ಲಿ ವಾಡಿಕೆಯಂತೆ ದಿನವೂ ತುಂಬುಚೊಂಬು ನೀರೆರೆದರೆ ಬೇರು ಕೊಳೆತು ಬೇಗನೆ ಸಾಯುತ್ತದೆ. ತೆನೆಗಳನ್ನು ಎಳೆಯದರಲ್ಲಿಯೇ ಚಿವುಟುತ್ತಿದ್ದರೆ, ಚಳಿಗಾಲದಲ್ಲಿ ನೀರನ್ನು ಮಿತಗೊಳಿಸಿದರೆ, ಒಂದೆರಡು ತೆನೆಗಳನ್ನು ಮಾತ್ರ ಬಲಿಯಲು ಬಿಟ್ಟು ಬೀಜ ಹಿಡಿದು ಪಕ್ಕದ ಕುಂಡದಲ್ಲಿ ಸಸಿ ಮಾಡಿಕೊಂಡರೆ, ವೃಂದಾವನ ಎಂದಿಗೂ ಬರಿದಾಗುವುದಿಲ್ಲ. ಹಿರಿಯರೊಬ್ಬರು, “ಇದು ನಿನ್ನಿಂದಾದದ್ದಲ್ಲ ಮಗು, ಈ ಗಿಡಕ್ಕಿರುವ ಆಯುಸ್ಸೇ ಇಷ್ಟು. ತಗೋ, ಈ ಸಸಿಯನ್ನು ನೆಡು” ಎಂದರೆ ಸಾಕು, ಗಿಡದೊಡನೆ ಒಂದು ಮನಸ್ಸೂ ಉಳಿಯುತ್ತದೆ. ತೋಟದವರು ಒಬ್ಬರಿಗೊಬ್ಬರು ಕೊಡಬಹುದಾದ ಧೈರ್ಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು.

ಕೊನೆಯದಾಗಿ, ಗಿಡವನ್ನೇ ಕೊಡುವ ವಿಷಯ. ದುಂಡುಮಲ್ಲಿಗೆಯು ಬೀಜ ಕಟ್ಟುವುದು ಅಪರೂಪ. ಬಾಳೆಯ ಹಣ್ಣಿನಲ್ಲಿ ಬಿತ್ತತಕ್ಕ ಬೀಜವೇ ಇಲ್ಲ. ಇಂತಹವುಗಳೆಲ್ಲ ಕಡ್ಡಿಯಿಂದ ಕಡ್ಡಿಗೆ, ಕಂದಿನಿಂದ ಕಂದಿಗೆ, ಕೈಯಿಂದ ಕೈಗೆ ಸಾಗಿಯೇ ನಮ್ಮವರೆಗೆ ಬಂದಿವೆ. ಎಂದೋ ಯಾರೋ ಕೊಡುವುದನ್ನು ನಿಲ್ಲಿಸಿದ್ದರೆ ಅಲ್ಲಿಗೇ ಅವುಗಳ ಕಥೆ ಮುಗಿಯುತ್ತಿತ್ತು. ಅಮೆರಿಕಾ ಖಂಡದ ಮೂಲದ ಸೀಮೆಬದನೆಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರನ್ನರು ಇಲ್ಲಿ ಪರಿಚಯಮಾಡಿಸಿದರೆಂದು ಹೇಳುತ್ತಾರೆ. ಅದರ ಬೀಜವನ್ನು ಬಿಡಿಸಿ ಬಿತ್ತುವಂತಿಲ್ಲ. ಕಾಯಿಯೊಳಗಿನ ಒಂದೇ ಬೀಜವು ಕಾಯಿಯಲ್ಲಿರುವಾಗಲೇ ಮೊಳೆಯುವುದರಿಂದ, ಮೊಳಕೆಯೊಡೆದ ಇಡೀ ಕಾಯನ್ನೇ ಒಬ್ಬರು ಇನ್ನೊಬ್ಬರಿಗೆ ಕೊಡಬೇಕು. ಹೀಗೆ ಹಬ್ಬಿಯೇ ಅದು ತಮಿಳರ ಬಾಯಲ್ಲಿ ಬೆಂಗಳೂರಿನ ಹೆಸರನ್ನು ಹೊತ್ತಿತು.

ಆದರೆ ಕೊಡುವ ಕೈಗೂ ವಿವೇಕ ಬೇಕು. ನಂಜನಗೂಡಿನ ರಸಬಾಳೆಯ ಕೀರ್ತಿಯನ್ನು ನಾವೆಲ್ಲರೂ ಕೇಳಿದ್ದೇವೆ. ಈಚೆಗೆ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಹೀಗಿದ್ದರೂ ಪನಾಮಾ ಸೊರಗುರೋಗದ ದೆಸೆಯಿಂದ ಅದರ ಬೆಳೆ ತೀರ ಕುಗ್ಗಿತು. ಆ ರೋಗದ ಶಿಲೀಂಧ್ರವು ಮಣ್ಣಿನಲ್ಲಿ ದಶಕಗಳ ಕಾಲ ಬದುಕಿರಬಲ್ಲದು. ರೋಗದ ಬುಡದಿಂದ ತೆಗೆದ ಕಂದು ನೋಟಕ್ಕೆ ಚೆನ್ನಾಗಿದ್ದರೂ ಅದರೊಡನೆ ರೋಗವೂ ಹೊಸ ಹಿತ್ತಲಿಗೆ ಹೋಗುತ್ತದೆ. ಅಂದಕ್ಕಾಗಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ದೇಶಕ್ಕೆ ತಂದ ಲಂಟಾನವು ತೋಟದ ಬೇಲಿಯನ್ನು ದಾಟಿ, ಈಗ ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡುಗಳ ನೆಲವನ್ನೇ ಮುಚ್ಚಿರುವುದೂ ಇದೇ ಪಾಠವನ್ನು ಹೇಳುತ್ತದೆ. ಆದುದರಿಂದ ಗಿಡವನ್ನು ಕೊಡುವಾಗ ಅದರ ಚರಿತ್ರೆಯನ್ನೂ ಕೊಡಬೇಕು: ಎಲ್ಲಿಂದ ಬಂದದ್ದು, ಯಾವ ಕಾಯಿಲೆ ಕಂಡಿದೆ, ಎಷ್ಟು ಬಿಸಿಲು ಬೇಕು, ಬಿಟ್ಟರೆ ಎಷ್ಟು ದೂರ ಹಬ್ಬುತ್ತದೆ. ಪಡೆದವರೂ ಅದನ್ನು ಹದಿನೈದು ದಿನ ಬೇರೆಯಾಗಿಟ್ಟು, ಎಲೆಯ ಅಡಿಯಲ್ಲಿ ಹಿಟ್ಟುತಿಗಣೆ ಮೊದಲಾದ ಹುಳುಗಳಿಲ್ಲವೆಂದು ನೋಡಿ, ಆಮೇಲೆ ಉಳಿದ ಗಿಡಗಳ ನಡುವೆ ಸೇರಿಸುವುದು ಕ್ಷೇಮ.

ಈಗ ನಗರಗಳಲ್ಲಿ ಹಿತ್ತಲುಗಳು ಕರಗುತ್ತಿವೆ. ಬೇಲಿಯ ಬಳಿ ನಿಂತು ಮಾತನಾಡುವ ಅವಕಾಶ ಕಡಮೆಯಾಗಿದೆ. ಅನೇಕರ ತೋಟವು ಮಹಡಿಯ ಮೇಲಿನ ಹತ್ತು ಕುಂಡಗಳಿಗೆ ಇಳಿದಿದೆ. ಗಿಡವನ್ನು ಹಣಕೊಟ್ಟು ತರುವುದು ಎಂದಿಗಿಂತಲೂ ಸುಲಭವಾಗಿರುವ ಕಾಲದಲ್ಲಿ, ಅದರೊಡನೆ ಬರಬೇಕಾದ ಮಾತು ಬರುತ್ತಿಲ್ಲ. ಇದಕ್ಕೆ ದೊಡ್ಡ ಏರ್ಪಾಡೇನೂ ಬೇಕಾಗಿಲ್ಲ. ಒಂದು ಬೀದಿಯಲ್ಲಿ ಗಿಡ ಬೆಳೆಸುವ ನಾಲ್ಕು ಮನೆಯವರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಕೂಡಬಹುದು. ಪ್ರತಿಯೊಬ್ಬರೂ ತಮ್ಮ ಅತ್ಯಂತ ಚೆಲುವಾದ ಹೂವನ್ನಲ್ಲ, ಸೊರಗಿದ ಒಂದು ಎಲೆಯನ್ನು ತಂದು ಮುಂದಿಡಲಿ. ನೆಟ್ಟ ದಿನ, ಚಿಗುರಿದ ದಿನ, ಹೂಬಿಟ್ಟ ದಿನಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಎರಡು ಮೂರು ವರ್ಷಗಳಲ್ಲಿ ಆ ಬೀದಿಗೆ ಒಪ್ಪುವಂತಹ, ಎಲ್ಲಿಯೂ ಕೊಳ್ಳಲು ಸಿಕ್ಕದ ಗ್ರಂಥವೊಂದು ತಾನಾಗಿಯೇ ಸಿದ್ಧವಾಗುತ್ತದೆ.

ಹಣ ಕೊಟ್ಟಷ್ಟೂ ಕರಗುತ್ತದೆ. ಮಲ್ಲಿಗೆಯ ಬಳ್ಳಿಯಾದರೋ ಕಡ್ಡಿ ಕೊಟ್ಟಷ್ಟೂ ಕವಲೊಡೆದು ಹೆಚ್ಚು ಹೂಬಿಡುತ್ತದೆ. ಅಕಸ್ಮಾತ್ತಾಗಿ ನಮ್ಮ ಮನೆಯ ಬಳ್ಳಿ ಒಂದು ವರ್ಷ ಒಣಗಿಹೋದರೂ, ಹಿಂದೆ ಕಡ್ಡಿ ಪಡೆದ ಮನೆಯಿಂದ ಅದು ಮರಳಿ ಬರುತ್ತದೆ. ತಿಳಿವಿನ ವಿಷಯವೂ ಹಾಗೆಯೇ. ಆದುದರಿಂದ ನಿಮ್ಮಲ್ಲಿ ಯಾರಿಗೆ ಕೈಗುಣವುಂಟೆಂದು ನೆರೆಹೊರೆಯವರು ಹೇಳುತ್ತಾರೋ ಅವರು ಆ ಹೊಗಳಿಕೆಯನ್ನು ಕೇಳಿ ಸುಮ್ಮನಾಗದೆ, ನಾಳೆ ಬೆಳಗ್ಗೆ ಕೈಯಲ್ಲೊಂದು ಕಡ್ಡಿಯನ್ನು ಹಿಡಿದು, ಅದನ್ನು ಗೆಣ್ಣಿನ ಕೆಳಗೆ ಏಕೆ ಕತ್ತರಿಸಿದಿರೆಂಬುದನ್ನು ಒಬ್ಬರಿಗಾದರೂ ಹೇಳಿಕೊಡಿರಿ. ಕೈಗುಣವಿಲ್ಲವೆಂದು ಕುಂಡವನ್ನು ಮೂಲೆಗೆ ಸೇರಿಸಿದವರು ಅದನ್ನು ಮತ್ತೆ ಬೆಳಕಿಗೆ ತಂದು, ಸಂಕೋಚವಿಲ್ಲದೆ ಹೋಗಿ ಕೇಳಿರಿ.